ಪಕ್ಷಮಾಸದಲ್ಲಿ ಕೇಳಿದ ಎದೆಬಡಿತ

ಪಿತ್ತಕೋಶದಲ್ಲಿ ಕಲ್ಲಿದೆಯೇನೋ ನೋಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರಿಂದ ಕಳೆದ ತಿಂಗಳು ಸ್ಕ್ಯಾನಿಂಗ್‌ಗೆ ಹೋಗಿದ್ದೆ. ಅಲ್ಲಿದ್ದ ಹುಡುಗಿ ಹೊಟ್ಟೆಯ ಮೇಲೆ ಜೆಲ್ ಸುರಿದಳು. ಅದಕ್ಕೆ ವಾಸನೆ ಎನ್ನುವಂಥ ವಾಸನೆಯೇನೂ ಇಲ್ಲ. ಆದರೂ ಆ ತಣ್ಣನೆಯ ಲೋಳೆ ಚರ್ಮಕ್ಕೆ ತಾಗಿದ್ದೇ ಮೈಗೆ ಅದರ ಗುರುತು ಸಿಕ್ಕಿತು. ಪರದೆಯ ಆಚೆ ಯಾರೋ ಬಸುರಿ ಹೆಂಗಸು ಮಲಗಿದ್ದಳು. ಅಲ್ಲಿಂದ ದಡದಡ ಸದ್ದು ಬರತೊಡಗಿತು. ದೂರದಲ್ಲೆಲ್ಲೋ ಒಬ್ಬರು ಅವಸರವಾಗಿ ಒದ್ದೆ ಬಟ್ಟೆ ಒಗೆಯುತ್ತಿರುವ ಹಾಗೆ.

“ಉಸಿರು ಹಿಡ್ಕೊಳ್ಳಿ ಮೇಡಂ,” ಎಂದಳು ಹುಡುಗಿ. ಹಿಡಿದೆ. ಆಮೇಲೆ “ಈಗ ಬಿಡಿ” ಎಂದಳು. ನಾನು ಬಿಟ್ಟಿರಲಿಲ್ಲ. ಅವಳು ಇನ್ನೊಮ್ಮೆ ಹೇಳಬೇಕಾಯಿತು.

ನಾನು ಆ ಸದ್ದನ್ನು ದಿನಾ ಕೇಳುತ್ತಿದ್ದ ವರ್ಷ ಮಳೆ ತಡವಾಗಿ ಬಂದಿತ್ತು, ಬಂದ ಮೇಲೆ ಹೋಗಲು ಒಪ್ಪಲಿಲ್ಲ. ಭಾದ್ರಪದ ಮುಗಿಯುತ್ತ ಬಂದರೂ ಮಧ್ಯಾಹ್ನವಾದರೆ ಚಾಮುಂಡಿ ಬೆಟ್ಟದ ಮೇಲೆ ಮೋಡ ಕೂರುತ್ತಿತ್ತು. ನಾನಾಗ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಗಂಡ ಶ್ರೀಧರ ವಿಮೆ ಕಂಪನಿಯ ನೌಕರ. ಮನೆ ಕೃಷ್ಣಮೂರ್ತಿಪುರಂನಲ್ಲಿ, ಅಮ್ಮನ ಮನೆಯಿಂದ ಎರಡು ಬೀದಿ ಆಚೆ. ನನ್ನ ವಯಸ್ಸು ಮೂವತ್ತೈದು ದಾಟಿತ್ತು. ಅದಕ್ಕೆ ಮುಂಚೆ, ಶ್ರೀಧರನಿಗೆ ವರ್ಗವಾಗಿ ನಾವು ಹಾಸನದಲ್ಲಿದ್ದಾಗ, ಒಂದು ಮಗು ಏಳನೇ ತಿಂಗಳಿನಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ಒಂದು ಸಂಜೆ ಮಗು ಅಲುಗಾಡುತ್ತಿಲ್ಲ ಅನ್ನಿಸಿತು. ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಎದೆಬಡಿತ ಇರಲಿಲ್ಲ. ಯಾವಾಗ ನಿಂತಿತು ಎಂದು ಕೇಳಿದೆ. ಅಲ್ಲಿನ ವೈದ್ಯರು ಮೆದು ಮಾತಿನವರು. “ಅದನ್ನ ಹೇಳಕ್ಕಾಗಲ್ಲಮ್ಮ. ಒಂದೊಂದ್ಸಲ ಹೀಗಾಗತ್ತೆ,” ಎಂದರು. ಅದಕ್ಕಿಂತ ಹೆಚ್ಚಿಗೆ ಅವರಿಗೂ ಗೊತ್ತಿರಲಿಲ್ಲ.

ಎರಡನೆಯ ಸಲ ಎಂಟನೇ ತಿಂಗಳಿನವರೆಗೆ ಎಲ್ಲ ನೆಟ್ಟಗಿತ್ತು. ಆಮೇಲೆ ನನ್ನ ರಕ್ತದೊತ್ತಡ ಏರಿತು, ಕಾಲು ಊದಿತು, ಮಗುವಿನ ಬೆಳವಣಿಗೆ ನಿಧಾನವಾಯಿತು. ಚಾಮರಾಜಪುರಂನಲ್ಲಿ ನಾನು ತೋರಿಸಿಕೊಳ್ಳುತ್ತಿದ್ದ ವಸುಂಧರಾ ಡಾಕ್ಟರು ಸ್ಕ್ಯಾನ್ ನೋಡಿ, “ಮನೆಗೆ ಹೋಗೋದು ಬೇಡ. ಇಲ್ಲೇ ಇರಿ. ದಿನಾ ಬೆಳಿಗ್ಗೆ ಸಂಜೆ ಮಗು ಎದೆಬಡಿತ ನೋಡ್ತೀನಿ. ಒಳಗಿರೋದೇ ಅದಕ್ಕೆ ಒಳ್ಳೇದು ಅನ್ನಿಸೋವರೆಗೂ ಒಳಗಿರಲಿ. ಹೊರಗೇ ವಾಸಿ ಅನ್ನಿಸಿದ ದಿನ ತೆಗೆದುಬಿಡ್ತೀನಿ,” ಎಂದರು. ಅರವತ್ತರ ಆಸುಪಾಸಿನ ಹೆಂಗಸು. ಮಾತು ಕಡಿಮೆ. ಆಡಿದ ಮಾತಿಗೆ ಕಾರಣ ಹೇಳುತ್ತಿದ್ದರು, ಅದು ನನಗೆ ಹಿಡಿಸುತ್ತಿತ್ತು.

ಹಳೆಯ ಕಾಲದ ದೊಡ್ಡ ಮನೆಯೊಂದನ್ನು ಹೆರಿಗೆ ಆಸ್ಪತ್ರೆ ಮಾಡಿದ್ದರು. ನೆಲ ಇನ್ನೂ ರೆಡ್ ಆಕ್ಸೈಡಿನದು. ನನ್ನನ್ನು ಎರಡು ಮಂಚದ ಕೋಣೆಯಲ್ಲಿ ಹಾಕಿದರು. ಎರಡರ ಮಧ್ಯೆ, ಗಾಲಿಯ ಮೇಜಿನ ಮೇಲೆ ಆ ಯಂತ್ರ. ಹೊಟ್ಟೆಗೆ ಎರಡು ಎಲಾಸ್ಟಿಕ್ ಪಟ್ಟಿ ಬಿಗಿದು, ಒಂದರಡಿ ಮಗುವಿನ ಎದೆಬಡಿತ ಕೇಳುವ ಬಿಲ್ಲೆ, ಇನ್ನೊಂದರಡಿ ಹೊಟ್ಟೆ ಬಿಗಿಯುವುದನ್ನು ಅಳೆಯುವ ಬಿಲ್ಲೆ ಸಿಕ್ಕಿಸುತ್ತಿದ್ದರು. ಕೈಗೊಂದು ಗುಂಡಿ ಕೊಡುತ್ತಿದ್ದರು. ಮಗು ಅಲುಗಾಡಿದಾಗಲೆಲ್ಲ ಒತ್ತಬೇಕು. ಯಂತ್ರದ ಬಾಯಿಂದ ಕಾಗದ ನಿಧಾನವಾಗಿ ಹೊರಬರುತ್ತಿತ್ತು, ಮೇಲೊಂದು ಗೆರೆ ಎದೆಬಡಿತದ್ದು, ಕೆಳಗೊಂದು ಗೆರೆ ಬಿಗಿತದ್ದು.

“ಗೆರೆ ಇಷ್ಟು ನಡುಗ್ತಿದೆಯಲ್ಲ ಡಾಕ್ಟ್ರೇ?” ಎಂದು ಮೊದಲ ದಿನ ಕೇಳಿದೆ.

“ನಡುಗಬೇಕು. ಚೆನ್ನಾಗಿರೋ ಮಗು ಹೃದಯ ಒಂದೇ ಸಮ ಬಡಿಯಲ್ಲ. ಏರತ್ತೆ, ಇಳಿಯತ್ತೆ. ಅಲುಗಾಡಿದಾಗ ಇನ್ನೂ ಏರಬೇಕು, ನಾವು ಮೆಟ್ಟಿಲು ಹತ್ತಿದ ಹಾಗೆ. ಸ್ಕೇಲ್ ಇಟ್ಟು ಗೀಟೆಳೆದ ಹಾಗೆ ನೆಟ್ಟಗಿದ್ರೆ ನನಗೆ ನಿದ್ದೆ ಬರಲ್ಲ.”

ಪಕ್ಕದ ಮಂಚದವಳ ಹೆಸರು ರೇಖಾ. ಬನ್ನಿಮಂಟಪದ ಹುಡುಗಿ, ಮೊದಲ ಬಸಿರು. ಗಂಡ ಅಲ್ಲೇ ಬೈಕು ಆಟೋಗಳಿಗೆ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದ. ಅವಳಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದಿತ್ತು. ಮಗು ದಪ್ಪನಾಗಿ ಬೆಳೆದಿತ್ತು. ನನ್ನದು ಸಣ್ಣ, ಅವಳದು ದಪ್ಪ. ಯಂತ್ರ ಮಾತ್ರ ಇಬ್ಬರಿಗೂ ಒಂದೇ. ಅವಳು ಹೊಟ್ಟೆಯ ಮಗುವನ್ನು ‘ಬಾಸು’ ಎಂದು ಕರೆಯುತ್ತಿದ್ದಳು. ಬೆಲ್ಟು ಕಟ್ಟಿದ ಕೂಡಲೇ ಶುರು: “ಬಾಸು, ಎದ್ದೇಳು. ಡಾಕ್ಟ್ರು ಬಂದವ್ರೆ. ತಿಂಡಿ ಆಯ್ತಾ?” ಗೆರೆ ಏರಿದರೆ ಕೈ ತಟ್ಟುತ್ತಿದ್ದಳು.

“ನೀವೂ ಮಾತಾಡ್ಸಿ ಅಕ್ಕ,” ಎಂದಳು ಒಂದು ದಿನ.

“ನನಗೆ ಅಭ್ಯಾಸ ಇಲ್ಲ ಕಣಮ್ಮ,” ಎಂದೆ.

ಸುಳ್ಳೇನಲ್ಲ. ಹಾಸನದಲ್ಲಿ ಮಾತಾಡಿಸುತ್ತಿದ್ದೆ, ಆಮೇಲೆ ಆ ಅಭ್ಯಾಸ ಬಿಟ್ಟುಹೋಗಿತ್ತು. ಈ ಸಲ ಹೆಸರು ಯೋಚಿಸಿರಲಿಲ್ಲ, ಬಟ್ಟೆ ಹೊಲಿಸಿರಲಿಲ್ಲ. ಶ್ರೀಧರ ಹಠ ಮಾಡಲಿಲ್ಲ. ದಿನಾ ಸಂಜೆ ಬಂದು ಆವತ್ತಿನ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. “ಸರಿ ಇದೆಯಂತಾ?” “ಇವತ್ತಿಗೆ ಇದೆಯಂತೆ.” ನಮ್ಮ ಮಾತು ಅಷ್ಟೇ. ನಾವಿಬ್ಬರೂ ಮಗುವಿನ ಬಗ್ಗೆ ನೆರೆಮನೆಯವರ ಮಗುವಿನ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಿದ್ದೆವು.

ಅಮ್ಮ ಮಧ್ಯಾಹ್ನದ ಊಟ ತರುತ್ತಿದ್ದಳು. ರೇಖಾಳ ಅತ್ತೆ ಗೌರಮ್ಮ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಸಣ್ಣ ಮುದ್ದೆ, ಸೊಪ್ಪಿನ ಸಾರು ಕಟ್ಟಿಕೊಂಡು ಬನ್ನಿಮಂಟಪದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಇಬ್ಬರು ಹಿರಿಯರೂ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ದಸರೆ ಹಬ್ಬದ ಮಾತಾಡುತ್ತಿದ್ದರು. ಹಬ್ಬಕ್ಕೆ ಮುಂಚೆ ಪಕ್ಷಮಾಸ ಇತ್ತಲ್ಲ, ಅಮ್ಮನ ತಲೆಯಲ್ಲಿ ಅದೇ. ಪಿತೃಗಳ ದಿನ ಕಳೆಯುವವರೆಗೆ ಹೊಸ ಟವೆಲ್ಲನ್ನೂ ಮನೆಗೆ ತರಬಾರದು ಎನ್ನುವವಳು ಅವಳು. “ನವರಾತ್ರಿ ಹುಟ್ಟಿಬಿಡ್ಲಿ, ಆಮೇಲೆ ಯಾವತ್ತಾದ್ರೂ ಆಗ್ಲಿ,” ಎಂದು ದಿನಾ ಹೇಳುತ್ತಿದ್ದಳು.

ಆ ದಿನಗಳಲ್ಲೊಂದು ಬೆಳಿಗ್ಗೆ ನನ್ನ ಮಗುವಿನ ಗೆರೆ ಏಳಲೇ ಇಲ್ಲ. ನರ್ಸ್ ಸುಗುಣ ಎಡಮಗ್ಗುಲಿಗೆ ತಿರುಗಿಸಿದಳು, ಕಿತ್ತಳೆ ರಸ ಕುಡಿಸಿದಳು, ಹೊಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸಿದಳು. ಏನೂ ಇಲ್ಲ. ಡಾಕ್ಟರು ಬಂದು ಕುರ್ಚಿ ಎಳೆದುಕೊಂಡು ಕೂತರು. “ನಿದ್ದೆ ಮಾಡ್ತಿರಬಹುದು. ನೋಡೋಣ,” ಎಂದರು. ರೇಖಾ ತನ್ನ ಮಂಚದ ಮೇಲೆ ಎದ್ದು ಕೂತಳು. ನಾನು ಕಾಗದದ ಚೌಕಗಳನ್ನು ನೋಡುತ್ತಿದ್ದೆ. ಹೆದರಿಕೆ ಆಯಿತು ಎಂದು ಈಗ ಬರೆಯಬಹುದು, ಆದರೆ ಆಗ ಅನ್ನಿಸಿದ್ದು ಬೇರೆ: ಬಸ್ ಸ್ಟಾಪಿನಲ್ಲಿ ನಿಂತವರಿಗೆ ‘ಇವತ್ತು ಈ ಬಸ್ಸು ಬರುವುದಿಲ್ಲವೇನೋ’ ಅನ್ನಿಸುತ್ತದಲ್ಲ, ಅಂಥದು.

ಅಷ್ಟರಲ್ಲಿ ಅರಮನೆಯ ಕಡೆಯಿಂದ ಢಂ ಎಂದಿತು. ದಸರೆಯ ಆನೆ ಕುದುರೆಗಳಿಗೆ ಸದ್ದು ರೂಢಿಯಾಗಲಿ ಎಂದು ಹಾರಿಸುವ ಕುಶಾಲತೋಪಿನ ತಾಲೀಮು. ಕಿಟಕಿಯ ಗಾಜು ನಡುಗಿತು. ನನ್ನ ಹೊಟ್ಟೆಯೊಳಗೆ ಯಾರೋ ಬೆಚ್ಚಿಬಿದ್ದು ಒದ್ದರು. ದಡದಡ ಸದ್ದು ಜೋರಾಯಿತು, ಗೆರೆ ಸರ್ರನೆ ಗುಡ್ಡ ಹತ್ತಿತು.

“ಎದ್ದುಬುಡ್ತು!” ಎಂದು ರೇಖಾ ಕೂಗಿದಳು.

ಡಾಕ್ಟರು ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು. “ಇದಕ್ಕೆ ಅಂತಲೇ ಒಂದು ಸಣ್ಣ ಗಂಟೆಯಂಥದ್ದು ಬರತ್ತೆ, ಹೊಟ್ಟೆ ಮೇಲಿಟ್ಟು ಸದ್ದು ಮಾಡೋದು. ನಿಮ್ಮ ಮಗೂಗೆ ಸರ್ಕಾರದ್ದೇ ಫಿರಂಗಿ ಬೇಕಾಯ್ತು,” ಎಂದರು. ಎರಡನೆಯ ಸಲ ತೋಪು ಹಾರಿದಾಗ ಗೆರೆ ಮತ್ತೆ ಏರಿತು. ಮಧ್ಯಾಹ್ನ ಗೌರಮ್ಮ ಬಂದಾಗ ರೇಖಾ ಅದನ್ನೇ ಎರಡೆರಡು ಸಲ ಅಭಿನಯಿಸಿ ತೋರಿಸಿದಳು. ನಾನೂ ನಕ್ಕೆ. ಬೆಳಿಗ್ಗೆ ಬೆಲ್ಟು ಬಿಚ್ಚುವಾಗ ಗುಂಡಿ ಹಿಡಿದಿದ್ದ ಕೈ ನೋಡಿಕೊಂಡಿದ್ದೆ, ಹೆಬ್ಬೆರಳು ಬೆಳ್ಳಗಾಗಿತ್ತು.

ಅದಾದ ಕೆಲವೇ ದಿನಕ್ಕೆ ರೇಖಾಳ ಸರದಿ. ಬೆಳಗಿನ ಹೊತ್ತು. ಅವಳಿಗೆ ಸಣ್ಣಗೆ ನೋವು ಶುರುವಾಗಿತ್ತು, ಬೆಲ್ಟು ಕಟ್ಟಿದ್ದರು. ಬಾಸು ಎಂದಿನಂತೆ ಓಡುತ್ತಿದ್ದ. ಇದ್ದಕ್ಕಿದ್ದಂತೆ ಸದ್ದು ನಿಧಾನವಾಯಿತು. ನಿಧಾನವೆಂದರೆ ನಮ್ಮ ನಿಮ್ಮ ಎದೆಯ ಹಾಗೆ, ಅದಕ್ಕಿಂತಲೂ ನಿಧಾನ. ಸುಗುಣ ಅವಳನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಮಂಡಿಯೂರಿಸಿದಳು, ಮೂಗಿಗೆ ಆಕ್ಸಿಜನ್ ಇಟ್ಟಳು. ಸದ್ದು ಮೇಲೇಳಲಿಲ್ಲ. ಡಾಕ್ಟರು ಬಾಗಿಲಲ್ಲಿ ನಿಂತು ಒಂದು ನಿಮಿಷ ಕೇಳಿಸಿಕೊಂಡು, “ಥಿಯೇಟರಿಗೆ,” ಎಂದರು. ಮಂಚದ ಗಾಲಿ ರೆಡ್ ಆಕ್ಸೈಡಿನ ಮೇಲೆ ಕಿರುಗುಟ್ಟುತ್ತ ಹೋಯಿತು. ರೇಖಾ ನನ್ನ ಕಡೆ ತಿರುಗಿ, “ಅಕ್ಕ, ಅತ್ತೇಗೆ ಫೋನ್ ಮಾಡಿ,” ಎಂದಳು.

ಗೌರಮ್ಮ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗಂಡುಮಗು ಹುಟ್ಟಿ ಕಿರುಚಿ ಇಡೀ ಆಸ್ಪತ್ರೆಗೆ ತಿಳಿಸಿಯಾಗಿತ್ತು. ದುಂಡು ಮಗು, ಕೆಂಪಗಿತ್ತು. ಮೈಮೇಲೆ ಒಂದು ಕುಂದಿಲ್ಲ. ಹುಟ್ಟಿದ ಗಳಿಗೆಯಲ್ಲಿ ಎದೆ ಸರಿಯಾಗಿ ಬಡಿಯುತ್ತಿತ್ತಂತೆ, ಮಗುವಿನ ಸುತ್ತಲಿನ ನೀರು ತಿಳಿಯಾಗಿತ್ತಂತೆ. ಸಂತೋಷವೆಲ್ಲ ಆದ ಮೇಲೆ, ಮಾರನೆಯ ದಿನ, ಹೊಲಿಗೆಯ ನೋವಿಗೆ ರೇಖಾ ಹಲ್ಲು ಕಚ್ಚಿ ಮಲಗಿದ್ದಾಗ ಗೌರಮ್ಮ ಡಾಕ್ಟರನ್ನು ನಿಲ್ಲಿಸಿ ಕೇಳಿಯೇಬಿಟ್ಟರು.

“ತೆಪ್ಪು ತಿಳ್ಕಬೇಡಿ ಡಾಕ್ಟ್ರಮ್ಮ. ಮಗ ಗಟ್ಟಿಯಾಗೇ ಅದಲ್ಲ. ನಮ್ ಉಡುಗೀನ ಸುಮ್ಕೆ ಕುಯ್ದಂಗಾಯ್ತಾ?”

ಅಮ್ಮ ಬಟ್ಟಲು ಕೆಳಗಿಟ್ಟಳು. ನಾನು ಕಿವಿಯಾದೆ.

ಡಾಕ್ಟರಿಗೆ ಸಿಟ್ಟು ಬರಲಿಲ್ಲ. “ಆಗಿರಬಹುದು ಗೌರಮ್ಮ,” ಎಂದರು. “ಹೊಕ್ಕುಳ ಬಳ್ಳಿ ಒಂದು ಗಳಿಗೆ ಎಲ್ಲೋ ಒತ್ತಿರಬೇಕು. ಇನ್ನೊಂದು ಐದು ನಿಮಿಷ ಕಾದಿದ್ರೆ ಸರಿಹೋಗ್ತಿತ್ತೋ ಏನೋ. ಹೋಗ್ತಿರಲಿಲ್ವೋ ಏನೋ. ಆ ಮೆಷಿನ್‌ಗೆ ಮಗು ಕಾಣ್ಸಲ್ಲ, ಸದ್ದು ಮಾತ್ರ ಕೇಳ್ಸೋದು. ಮುಚ್ಚಿದ ಕೋಣೆ ಒಳಗೆ ಏನೋ ಧೊಪ್ ಅಂತ ಬಿತ್ತು ಅಂತಿಟ್ಕೊಳ್ಳಿ. ಪಾತ್ರೆ ಬಿತ್ತೋ, ಮನುಷ್ಯರೇ ಬಿದ್ದರೋ? ಬಾಗಿಲು ತೆಗೆದ್ರೇನೇ ಗೊತ್ತಾಗೋದು. ನಾನು ತೆಗೀತೀನಿ. ಎಷ್ಟೋ ಸಲ ಪಾತ್ರೆಯೇ ಬಿದ್ದಿರತ್ತೆ.”

ಗೌರಮ್ಮ “ಅಂಗಂದ್ರೆ ಸರಿ ಬುಡಿ,” ಎಂದರು. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಅಮ್ಮನಂತೂ ಒಪ್ಪಲೇ ಇಲ್ಲ. ಡಾಕ್ಟರು ಆಚೆ ಹೋದ ಮೇಲೆ ನನ್ನ ಹತ್ತಿರ ಬಂದು, “ನೋಡಿದ್ಯೇನೇ? ಮೆಷಿನ್ನು ಹೇಳಿದ್ದೆಲ್ಲ ನಿಜ ಅಲ್ಲ,” ಎಂದು ಪಿಸುಗುಟ್ಟಿದಳು.

ಮಹಾಲಯ ಅಮಾವಾಸ್ಯೆಯ ದಿನ ಮಳೆ ಇರಲಿಲ್ಲ. ಶ್ರೀಧರ ತಂದೆಗೆ ತರ್ಪಣ ಬಿಡಲು ಬೆಳಿಗ್ಗೆಯೇ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದ. ಅಮ್ಮ ಮನೆಯಲ್ಲಿ ಅಡುಗೆ ಶುರು ಮಾಡುವ ಮುಂಚೆ ನನ್ನನ್ನು ನೋಡಿಹೋಗೋಣ ಎಂದು ಬಂದಿದ್ದಳು. ನನಗೆ ಹಿಂದಿನ ಸಂಜೆಯಿಂದ ಹೊಟ್ಟೆ ಆಗಾಗ ಗಟ್ಟಿಯಾಗಿ ಬಿಡುತ್ತಿತ್ತು. ನೋವೇನಿಲ್ಲ. ಮಗು ಅಲುಗಾಡುವುದು ಕಡಿಮೆ ಅನ್ನಿಸಿ ಸುಗುಣಳಿಗೆ ಹೇಳಿದೆ. ಅವಳು ಆಗಲೇ ಬೆಲ್ಟು ಕಟ್ಟಿದಳು.

ಗೆರೆ ಚಪ್ಪಟೆ. ಹೊಟ್ಟೆ ಬಿಗಿಯುತ್ತಿತ್ತು, ಕೆಳಗಿನ ಗೆರೆ ಏರಿ ಇಳಿಯುತ್ತಿತ್ತು. ಅದು ಇಳಿಯತೊಡಗಿದ ಮೇಲೆ ಮೇಲಿನ ಗೆರೆ ಜೋಲುತ್ತಿತ್ತು, ಮತ್ತೆ ಮೆಲ್ಲಗೆ ಸ್ವಸ್ಥಾನಕ್ಕೆ ಬರುತ್ತಿತ್ತು. ರೇಖಾಳಿಗಾದಂತೆ ಧಡಕ್ಕನೆ ಬಿದ್ದದ್ದಲ್ಲ. ಹೆಚ್ಚು ಆಳವೂ ಇಲ್ಲ. ಗೊತ್ತಿಲ್ಲದವರು ನೋಡಿದರೆ ರೇಖಾಳದೇ ಹೆದರಿಸುವಂಥದ್ದು, ನನ್ನದು ಸಾಧು ಎನ್ನಬೇಕು.

ಡಾಕ್ಟರು ಕಾಗದವನ್ನು ಉದ್ದಕ್ಕೂ ನೋಡಿದರು. ತಮ್ಮ ಕೈಯನ್ನು ನನ್ನ ಹೊಟ್ಟೆಯ ಮೇಲಿಟ್ಟು ಇನ್ನೆರಡು ಬಿಗಿತ ಕಾದರು.

“ಶೈಲಜಾ, ಇದು ನನಗೆ ಹಿಡಿಸ್ತಿಲ್ಲ,” ಎಂದರು. “ಹೊಟ್ಟೆ ಬಿಗಿದಾಗಲೆಲ್ಲ ಮಗುವಿಗೆ ರಕ್ತ ಕಡಿಮೆ ಆಗತ್ತೆ. ಗಟ್ಟಿ ಮಗು ತಡ್ಕೊಳ್ಳತ್ತೆ. ಇದು ತಡ್ಕೊಳ್ತಾ ಇಲ್ಲ, ಸುಧಾರಿಸಿಕೊಳ್ಳಕ್ಕೆ ಹೊತ್ತು ತಗೊಳ್ತಿದೆ. ಶ್ವಾಸಕೋಶ ಬಲಿಯೋ ಇಂಜೆಕ್ಷನ್ ಹೇಗೂ ಕೊಟ್ಟಾಗಿದೆ. ಈಗಲೇ ತೆಗೀಬೇಕು ಅಂತ ನನ್ನ ಅಭಿಪ್ರಾಯ.”

ಅಮ್ಮ ಎದ್ದು ನಿಂತಳು. “ಇವತ್ತು ಅಮಾವಾಸ್ಯೆ ಡಾಕ್ಟ್ರೇ. ಅದೂ ಮಹಾಲಯ. ನಾಳೆ ಬೆಳಿಗ್ಗೆ ನವರಾತ್ರಿ. ಒಂದು ದಿನ ನೋಡಬಹುದಲ್ವೇ?”

“ನಾಳೆವರೆಗೆ ಇದು ಹೀಗೇ ಇರತ್ತೆ ಅಂತ ನಾನು ಹೇಳಲಾರೆ ಅಮ್ಮ.”

“ಈ ಹುಡುಗೀಗೂ ನೀವು ಹೀಗೇ ಅಂದ್ರಿ. ಏನೂ ಆಗಿರ್ಲಿಲ್ಲ. ನೀವೇ ಹೇಳಿದ್ರಿ, ಪಾತ್ರೆ ಬಿದ್ದಿತ್ತು ಅಂತ.”

“ಹೌದು. ಇವತ್ತೂ ಪಾತ್ರೆಯೇ ಇರಬಹುದು.”

ಅಮ್ಮ ಶ್ರೀಧರನಿಗೆ ಫೋನು ಮಾಡಿದಳು. ರಿಂಗ್ ಹೋಗುತ್ತಿತ್ತು, ಎತ್ತುತ್ತಿರಲಿಲ್ಲ. ಅವನು ಒದ್ದೆ ಪಂಚೆಯಲ್ಲಿ ನದಿಯ ಮೆಟ್ಟಿಲ ಮೇಲೆ ಕೂತಿರುತ್ತಾನೆ, ಫೋನು ಚೀಲದಲ್ಲಿರುತ್ತದೆ. ಅಮ್ಮ ಮತ್ತೆ ಅದೇ ನಂಬರು ಒತ್ತಿದಳು. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ಹೊರಗೆ ಹೋದವಳು ಅವಳೇ. ಅದಾದ ಮೇಲೆ ಅವಳಿಗೆ ದಿನ, ತಿಥಿ, ನಕ್ಷತ್ರ ಯಾವುದನ್ನೂ ಎದುರು ಹಾಕಿಕೊಳ್ಳುವ ಧೈರ್ಯ ಉಳಿದಿರಲಿಲ್ಲ.

“ಅವರು ಬರಲಿ ಕಣೇ,” ಎಂದಳು. “ಅವರನ್ನೊಂದು ಮಾತು ಕೇಳದೆ ಹೇಗೆ?”

ಯಂತ್ರದ ಸದ್ದು ಮತ್ತೆ ನಿಧಾನವಾಯಿತು, ಮತ್ತೆ ಕಷ್ಟಪಟ್ಟು ಏರಿತು. ಹಾಸನದಲ್ಲಿ ಇದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ, ನಾನೂ ಕೇಳಿಸಿಕೊಂಡಿರಲಿಲ್ಲ. ಆ ಮಗುವಿನ ಎದೆಯೂ ಹೀಗೆಯೇ ಇಳಿದು ಏರಿ, ಇಳಿದು ಏರಿ, ಕೊನೆಗೊಮ್ಮೆ ಏರದೆ ಹೋಗಿರಬೇಕು. ಈ ಸಲ ಕೇಳುತ್ತಿತ್ತು. ಕೇಳಿದ ಮೇಲೆ ಕೇಳಿಸಲಿಲ್ಲ ಎನ್ನುವುದು ಆಗುವುದಿಲ್ಲ. ನನ್ನ ಯೋಚನೆ ಅಷ್ಟೇ, ಹೆಚ್ಚಿನದೇನೂ ಇರಲಿಲ್ಲ.

“ನನ್ನ ಸಹಿ ಸಾಕಾ ಡಾಕ್ಟ್ರೇ?” ಎಂದೆ.

“ಸಾಕು.”

“ಹಾಗಾದ್ರೆ ಮಾಡಿ. ಪಾತ್ರೆಯೇ ಆಗಿದ್ರೂ ಪರವಾಗಿಲ್ಲ.”

ಅಮ್ಮ ಬೆಂಚಿನ ಮೇಲೆ ಕೂತಳು. ರೇಖಾಳ ಮಗುವಿಗೆ ಬಟ್ಟೆ ಬದಲಾಯಿಸುತ್ತಿದ್ದ ಗೌರಮ್ಮ ಅದನ್ನು ಹಾಗೇ ಸೊಸೆಯ ಪಕ್ಕ ಮಲಗಿಸಿ ಬಂದು, ಅಮ್ಮನ ಪಕ್ಕ ಕೂತರು. ನನ್ನ ಮಂಚ ತಿರುಗಿಸುತ್ತಿದ್ದಾಗ ಅವರ ಮಾತು ಕೇಳಿಸಿತು: “ಕುಯ್ದ ಗಾಯ ಮಾಯ್ತದೆ ಕಣ್ರಮ್ಮ. ನಮ್ ಉಡುಗೀದೂ ಮಾಯ್ತಾ ಅದೆ. ನೀವು ಒಂದ್ ಲೋಟ ನೀರು ಕುಡೀರಿ.”

ಬೆನ್ನಿಗೆ ಸೂಜಿ ಚುಚ್ಚಿದರು, ಸೊಂಟದ ಕೆಳಗೆ ಮೈ ಇಲ್ಲದಂತಾಯಿತು. ಎದುರಿಗೆ ಹಸಿರು ಬಟ್ಟೆಯ ತೆರೆ. ಅದರಾಚೆ ಡಾಕ್ಟರ ಹುಬ್ಬು ಮಾತ್ರ ಕಾಣುತ್ತಿತ್ತು. ಯಂತ್ರ ಕಳಚಿದ್ದರಿಂದ ಸದ್ದಿರಲಿಲ್ಲ. ಒಳಗೇನೋ ಎಳೆದಾಡಿದಂತಾಯಿತು. ಡಾಕ್ಟರು ಸುಗುಣಳಿಗೆ, “ನೀರು ಹಸಿರಾಗಿದೆ, ಅವರನ್ನ ಹತ್ತಿರ ಬರಕ್ಕೆ ಹೇಳು,” ಎಂದರು. ‘ಅವರು’ ಎಂದರೆ ಮಕ್ಕಳ ಡಾಕ್ಟರು. ಹಸಿರು ನೀರಿನ ಅರ್ಥ ನನಗೆ ಗೊತ್ತಿತ್ತು: ಸಂಕಟಕ್ಕೆ ಮಗು ಒಳಗೇ ಹೇಲು ಮಾಡಿಕೊಂಡಿದೆ. ಆಮೇಲೆ “ಹೆಣ್ಣು” ಎಂದರು. ಮಗು ಅಳಲಿಲ್ಲ.

ಕೋಣೆಯ ಮೂಲೆಯಲ್ಲಿ ಮಕ್ಕಳ ಡಾಕ್ಟರ ಬೆನ್ನು ಕಾಣುತ್ತಿತ್ತು. ಅವರ ಮೊಣಕೈ ಒಂದೇ ಲಯದಲ್ಲಿ ಅಲುಗಾಡುತ್ತಿತ್ತು, ಉಸಿರು ತುಂಬುತ್ತಿದ್ದರು. ಎಷ್ಟು ಹೊತ್ತೋ ಗೊತ್ತಿಲ್ಲ. ಆಗ ಬಾಗಿಲಿನ ಕೀಲು ಕಿರ್ರೆಂದಂಥ ಒಂದು ಸದ್ದಾಯಿತು. ಇನ್ನೊಂದು ಸಲ ಆಯಿತು. ಅದು ಬಾಗಿಲಲ್ಲ.

“ಅದೇನಾ?” ಎಂದು ಕೇಳಿದೆ.

“ಅದೇ,” ಎಂದರು ವಸುಂಧರಾ ಡಾಕ್ಟರು, ತಲೆ ಎತ್ತದೆ. ಸ್ವಲ್ಪ ಹೊತ್ತಾದ ಮೇಲೆ ಹೊಲಿಗೆ ಹಾಕುತ್ತಲೇ, “ಪಾತ್ರೆ ಅಲ್ಲ,” ಎಂದರು.

ಶ್ರೀಧರ ನದಿಯಿಂದ ನೇರ ಬಂದಿದ್ದ. ಪಂಚೆ ಇನ್ನೂ ಆರಿರಲಿಲ್ಲ. ಮಗುವನ್ನು ನಾಲ್ಕು ರಸ್ತೆ ಆಚೆಯ ಮಕ್ಕಳ ಆಸ್ಪತ್ರೆಗೆ ಸಾಗಿಸುವಾಗ ಆಂಬುಲೆನ್ಸಿನಲ್ಲಿ ಅವನೇ ಜೊತೆಗೆ ಹೋದ. ಅಮ್ಮ ಆ ದಿನ ಪಿತೃಗಳ ಅಡುಗೆ ಮಾಡಲಿಲ್ಲ. ಮಾಡಲಿಲ್ಲವೆಂದು ನೆನಪಾದದ್ದು ಅವಳಿಗೆ ಮಾರನೆಯ ದಿನ.

ಊರಿನಲ್ಲಿ ನವರಾತ್ರಿ ನಡೆಯುತ್ತಿದ್ದಾಗ ನಾವು ಗಾಜಿನ ಪೆಟ್ಟಿಗೆಯ ಮುಂದೆ ಇದ್ದೆವು. ಸಂಜೆ ಬೀದಿಗಳಲ್ಲಿ ದೀಪದ ಸಾಲು ಹತ್ತುತ್ತಿತ್ತು. ಒಳಗೆ ಮಗುವಿನ ಪಾದಕ್ಕೆ ಕಟ್ಟಿದ್ದ ಕೆಂಪು ದೀಪ ಮಿನುಗುತ್ತಿತ್ತು. ಎದೆಗೆ ಅಂಟಿಸಿದ ತಂತಿಗಳಿಂದ ಟಿಕ್ ಟಿಕ್ ಸದ್ದು. ನಾನು ಮಗುವಿನ ಮುಖಕ್ಕಿಂತ ಹೆಚ್ಚಾಗಿ ಯಂತ್ರದ ಪರದೆಯನ್ನೇ ನೋಡುತ್ತಿದ್ದೆ. ಮುಖ ಏನನ್ನೂ ಹೇಳುತ್ತಿರಲಿಲ್ಲ. ಜಂಬೂಸವಾರಿ ಮುಗಿದು, ಹೊರಗಿನ ಜನ ಊರು ಬಿಟ್ಟ ಮೇಲೆ ಒಂದು ಬೆಳಿಗ್ಗೆ, ಅಲ್ಲಿನ ನರ್ಸ್ ಬಂದು ತಂತಿಗಳನ್ನೆಲ್ಲ ಒಂದೊಂದಾಗಿ ಕಿತ್ತಳು. ಸದ್ದು ನಿಂತಿತು. ನಾನು ಥಟ್ಟನೆ ಎದ್ದು ನಿಂತೆ.

“ಯಾಕ್ರೀ ತೆಗೆದ್ರಿ?”

“ಇನ್ನು ಬೇಡ ಮೇಡಂ. ಹಾಲು ಕುಡೀತಿದೆ, ತೂಕ ಏರ್ತಿದೆ. ನಾಳೆ ಮನೆಗೆ.”

“ಮನೆಯಲ್ಲಿ ಹೇಗೆ ಗೊತ್ತಾಗತ್ತೆ?”

ಅವಳಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. “ಏನು ಗೊತ್ತಾಗ್ಬೇಕು?” ಎಂದಳು.

ಮನೆಗೆ ಬಂದ ಮೇಲೆ ಮಗು ಮಲಗಿದಾಗಲೆಲ್ಲ ನಾನು ಅದರ ಎದೆಗೆ ಕಿವಿ ಇಡುತ್ತಿದ್ದೆ. ಕೇಳಿಸುತ್ತಿತ್ತು. ಎದ್ದು ಹಾಲಿಗೆ ಸಕ್ಕರೆ ಹಾಕುವಷ್ಟರಲ್ಲಿ ಮತ್ತೆ ಸಂಶಯ ಬರುತ್ತಿತ್ತು. ಅಮ್ಮ ನೋಡಿ ನೋಡಿ, “ಅದು ನಿದ್ದೆ ಮಾಡ್ಲಿ ಬಿಡೇ. ನೀನೂ ಮಾಡು,” ಎನ್ನುತ್ತಿದ್ದಳು. ಹಗಲು ಶ್ರೀಧರ ಆಫೀಸಿನಿಂದ ಫೋನು ಮಾಡಿ ಕೇಳುತ್ತಿದ್ದದ್ದೂ ಅದನ್ನೇ. ನಾವಿಬ್ಬರೂ ಬಾಣಂತಿ ಮನೆಯನ್ನು ಪಹರೆಯ ಮನೆ ಮಾಡಿಬಿಟ್ಟಿದ್ದೆವು.

ದೀಪಾವಳಿಗೆ ಇನ್ನು ಕೆಲವು ದಿನ ಇತ್ತು. ಮಧ್ಯಾಹ್ನ ಅಮ್ಮ ನನಗೂ ಮಗುವಿಗೂ ಎಣ್ಣೆ ಹಚ್ಚಿ ನೀರು ಹಾಕಿದಳು. ತಲೆ ಒಣಗಿಸಲು ಸಾಂಬ್ರಾಣಿ ಹೊಗೆ ಹಾಕಿ, ಮಗುವನ್ನು ನನ್ನ ಪಕ್ಕ ಮಲಗಿಸಿ, ಬಾಗಿಲು ಮುಂದೆ ಮಾಡಿ ಹೋದಳು. ಕಿವಿ ಇಟ್ಟು ಕೇಳಬೇಕು ಎಂದು ಒಂದು ಕೈ ಊರಿ ಅರ್ಧ ಎದ್ದದ್ದು ನೆನಪಿದೆ. ಎಚ್ಚರವಾದಾಗ ಕೋಣೆಯಲ್ಲಿ ಬಿಸಿಲು ಗೋಡೆಯ ಮೇಲಕ್ಕೆ ಹೋಗಿತ್ತು. ಮಗು ಹಸಿದು ಕೈಕಾಲು ಬಡಿದು ಕೂಗುತ್ತಿತ್ತು, ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ. ಎಷ್ಟು ಹೊತ್ತಿನಿಂದ ಕೂಗುತ್ತಿತ್ತೋ. ಅಮ್ಮ ಬಾಗಿಲು ತೆರೆದು ಇಣುಕಿದಳು.

“ನನ್ನನ್ನ ಎಬ್ಬಿಸಬಾರದಿತ್ತೇನಮ್ಮ?” ಎಂದೆ.

“ಯಾಕೆ? ಅವಳೇ ಎಬ್ಬಿಸ್ತಾಳೆ ಅಂತ ಬಿಟ್ಟೆ,” ಎಂದಳು ಅಮ್ಮ.